ಉಬ್ಬಿದ ಡಬ್ಬಿಗಳ ಕಾಲ

2003ರ ಆಸುಪಾಸಿನಲ್ಲಿ ಮನೆಗೋ ಹಾಸ್ಟೆಲ್ಲಿಗೋ ಒಂದು ಅಸೆಂಬಲ್ಡ್ ಪಿಸಿ ತಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪ್ರಾಜೆಕ್ಟ್ ರಿಪೋರ್ಟು ಅರ್ಧ ಟೈಪಾಗಿರುತ್ತದೆ, ಸೇವ್ ಮಾಡಿರುವುದಿಲ್ಲ. ಇದ್ದಕ್ಕಿದ್ದಂತೆ ಮಾನಿಟರ್ ಕಪ್ಪಾಗುತ್ತದೆ, ಡಬ್ಬದೊಳಗೆ 'ಟಿಕ್' ಎಂದು ಸಣ್ಣ ಸದ್ದು, ಮತ್ತೆ ಮೊದಲಿನಿಂದ ಬಿಳಿ ಅಕ್ಷರಗಳು. ಕರೆಂಟು ಹೋಗಿಲ್ಲ, ಫ್ಯಾನು ತಿರುಗುತ್ತಲೇ ಇದೆ, ಟ್ಯೂಬ್‌ಲೈಟು ಉರಿಯುತ್ತಲೇ ಇದೆ. ಕಂಪ್ಯೂಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ಮತ್ತೆ ಹುಟ್ಟಿ ಬಂದಿದೆ.

ಅಂಗಡಿಯವನ ಉತ್ತರಗಳೂ ನಿಗದಿಯಾಗಿದ್ದವು. ಮೊದಲು ರ‍್ಯಾಮ್ ಕಿತ್ತು ಅದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು. ಅದಕ್ಕೆ ಬಗ್ಗದಿದ್ದರೆ ವೈರಸ್ ಇದೆ ಎಂದು ಫಾರ್ಮ್ಯಾಟ್ ಹೊಡೆಯುವುದು. ಅದಕ್ಕೂ ಬಗ್ಗದಿದ್ದರೆ 'ನಿಮ್ಮನೆ ಅರ್ಥಿಂಗ್ ಸರಿಯಿಲ್ಲ ಸಾರ್'. ಈ ಮೂರೂ ಸುಳ್ಳಲ್ಲ, ಮೂರರಿಂದಲೂ ಯಂತ್ರ ಕೆಡುವುದುಂಟು. ಆದರೆ ಆ ಕೆಲವು ವರ್ಷಗಳಲ್ಲಿ ಲಕ್ಷಾಂತರ ಯಂತ್ರಗಳ ನಿಜವಾದ ಕಾಯಿಲೆ ಬೇರೆಯೇ ಇತ್ತು. ಅದರ ಗುರುತು ಮದರ್‌ಬೋರ್ಡಿನ ಮೇಲೆ ಕಣ್ಣಿಗೆ ಕಾಣುವಂತೆಯೇ ಇತ್ತು, ಆದರೆ ಅತ್ತ ನೋಡಬೇಕೆಂದು ಹೇಳುವವರು ಇರಲಿಲ್ಲ. ಈ ಬರಹ ಮುಖ್ಯವಾಗಿ ಅದರ ಚರಿತ್ರೆ.

ಅನುಮಾನವೆಲ್ಲ ವಿಂಡೋಸ್ ಮೇಲೆ ಹೋದದ್ದಕ್ಕೆ ಸಕಾರಣವಿತ್ತು. 1998ರ ಏಪ್ರಿಲ್ 20ರಂದು ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ಪಕ್ಕದಲ್ಲಿ ನಿಂತಿರುವಾಗಲೇ, ಅವರ ಸಹೋದ್ಯೋಗಿ ಒಂದು ಸ್ಕ್ಯಾನರ್ ಸಿಕ್ಕಿಸಿದ್ದೇ ತಡ, ಬಿಡುಗಡೆಗೆ ಸಿದ್ಧವಾಗುತ್ತಿದ್ದ ವಿಂಡೋಸ್ 98 ನೀಲಿ ಪರದೆ ತೋರಿಸಿ ಸತ್ತಿತು. ಸಭೆ ಸಭೆಯೇ ನಕ್ಕಿತು. ಇದಕ್ಕಿಂತ ನನಗೆ ಇಷ್ಟವಾದ ಪ್ರಸಂಗ ಇನ್ನೊಂದಿದೆ. ವಿಂಡೋಸ್ 95 ಮತ್ತು 98ರಲ್ಲಿ ಯಂತ್ರ ಶುರುವಾದಾಗಿನಿಂದ ಎಷ್ಟು ಮಿಲಿಸೆಕೆಂಡು ಕಳೆಯಿತೆಂದು ಎಣಿಸುವ 32 ಬಿಟ್ಟಿನ ಒಂದು ಲೆಕ್ಕವಿತ್ತು. 32 ಬಿಟ್ಟು ಎಂದರೆ ಸುಮಾರು 429 ಕೋಟಿ ಮಿಲಿಸೆಕೆಂಡು, ಅಂದರೆ 49.7 ದಿನ. ಅಷ್ಟು ದಿನ ಯಂತ್ರವನ್ನು ಆರಿಸದೆ ಬಿಟ್ಟರೆ ಲೆಕ್ಕ ತುಂಬಿ ಸೊನ್ನೆಗೆ ಮರಳಿ, ಯಂತ್ರ ಸ್ತಬ್ಧವಾಗಬಹುದಿತ್ತು. ಇದಕ್ಕೆ ತಿದ್ದುಪಡಿ ಬಂದದ್ದು 1999ರಲ್ಲಿ, ವಿಂಡೋಸ್ 95 ಬಂದು ನಾಲ್ಕು ವರ್ಷವಾದ ಮೇಲೆ. ಅಲ್ಲಿಯವರೆಗೆ ಯಾಕೆ ಗೊತ್ತಾಗಲಿಲ್ಲ ಎಂಬುದಕ್ಕೆ ಚಾಲ್ತಿಯಲ್ಲಿದ್ದ ಜೋಕು, 49 ದಿನ ಕೆಡದೆ ನಿಂತ ವಿಂಡೋಸ್ ಯಂತ್ರವೇ ಲೋಕದಲ್ಲಿ ಇರಲಿಲ್ಲವಲ್ಲ ಎಂಬುದು.

2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಹಿಂದಿನವಕ್ಕಿಂತ ಇದು ಬಹಳ ಗಟ್ಟಿ. ಆದರೆ ಅದರಲ್ಲಿ ಒಂದು ಸಣ್ಣ ಏರ್ಪಾಡು ಇತ್ತು: ಸಿಸ್ಟಂ ಕುಸಿದುಬಿದ್ದರೆ ತಾನಾಗಿಯೇ ರೀಸ್ಟಾರ್ಟ್ ಆಗುವುದು, ನಾವು ಬೇಡವೆನ್ನದ ಹೊರತು. ವಿಂಡೋಸ್ 98ರ ನೀಲಿ ಪರದೆ ಯಾರಾದರೂ ಗುಂಡಿ ಒತ್ತುವವರೆಗೆ ಕಾಯುತ್ತ ನಿಲ್ಲುತ್ತಿತ್ತು, ಅದರ ಮೇಲಿನ ಸಂಖ್ಯೆಗಳನ್ನು ಬರೆದುಕೊಳ್ಳಬಹುದಿತ್ತು. ಎಕ್ಸ್‌ಪಿಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಮಾಯವಾಗುತ್ತಿತ್ತು. 'ಮೈ ಕಂಪ್ಯೂಟರ್' ಮೇಲೆ ಬಲಗ್ಲಿಕ್ ಮಾಡಿ, ಪ್ರಾಪರ್ಟೀಸ್‌ನ 'ಅಡ್ವಾನ್ಸ್ಡ್' ಪುಟಕ್ಕೆ ಹೋಗಿ, 'ಸ್ಟಾರ್ಟಪ್ ಅಂಡ್ ರಿಕವರಿ'ಯಲ್ಲಿ ಒಂದು ಟಿಕ್ ಗುರುತು ತೆಗೆದರೆ ಪರದೆ ನಿಲ್ಲುತ್ತಿತ್ತು. ಇದನ್ನು ಬಲ್ಲವರು ಎಷ್ಟು ಮಂದಿ? ಹೀಗಾಗಿ ಡ್ರೈವರ್ ದೋಷವಾಗಲಿ, ರ‍್ಯಾಮ್ ದೋಷವಾಗಲಿ, ವಿದ್ಯುತ್ ದೋಷವಾಗಲಿ, ಬಳಸುವವನಿಗೆ ಎಲ್ಲವೂ ಒಂದೇ ಬಗೆಯಾಗಿ ಕಂಡವು. ಬಳಸುವವರ ಅನುಕೂಲಕ್ಕೆಂದು ಮಾಡಿದ್ದೇ ರೋಗದ ಲಕ್ಷಣಗಳನ್ನು ಅಳಿಸಿಹಾಕಿತು.

ಅದೇ ಹೊತ್ತಿಗೆ, 2003ರ ಆಗಸ್ಟ್ 11ರಂದು, ಬ್ಲಾಸ್ಟರ್ ಎಂಬ ಹುಳು ಹೊರಬಿತ್ತು. ವಿಂಡೋಸ್‌ನ ಆರ್‌ಪಿಸಿ ಎಂಬ ಸೇವೆಯಲ್ಲಿದ್ದ ಬಿರುಕಿನಿಂದ ನುಸುಳುವ ಈ ಹುಳು ಆ ಸೇವೆಯನ್ನೇ ಕೆಡವುತ್ತಿತ್ತು. ಆಗ ಪರದೆಯ ಮೇಲೆ 60 ಸೆಕೆಂಡುಗಳ ಇಳಿಯೆಣಿಕೆ ಕಾಣಿಸಿಕೊಂಡು, ಅದು ಮುಗಿದೊಡನೆ ಯಂತ್ರ ರೀಸ್ಟಾರ್ಟ್. ಬಿರುಕು ಮುಚ್ಚುವ ತಿದ್ದುಪಡಿ ಜುಲೈ 16ಕ್ಕೇ ಬಂದಿತ್ತು. ಆದರೆ ಡಯಲ್‌ಅಪ್ ಕಾಲದಲ್ಲಿ ಅದನ್ನು ಇಳಿಸಿಕೊಳ್ಳಲು ಹೋದರೆ, ಇಳಿಯುವುದರೊಳಗೆ ಹುಳು ಬಂದು ಮತ್ತೆ 60 ಸೆಕೆಂಡಿನ ಗಡುವು ಕೊಡುತ್ತಿತ್ತು. 'ರನ್' ಕಿಟಕಿಯಲ್ಲಿ ಶಟ್‌ಡೌನ್ ಎಂದು ಬರೆದು ಅದರ ಮುಂದೆ ಒಂದು ಅಡ್ಡಗೆರೆ ಮತ್ತು ಇಂಗ್ಲಿಷಿನ ಮೊದಲ ಅಕ್ಷರ ಹಾಕಿದರೆ ಗಡುವು ರದ್ದಾಗುತ್ತದೆಂಬ ಗುಟ್ಟು ಬಾಯಿಂದ ಬಾಯಿಗೆ ಹರಡಿತು. ಮರುವರ್ಷ ಏಪ್ರಿಲ್ ಕೊನೆಗೆ ಸ್ಯಾಸರ್ ಎಂಬ ಇನ್ನೊಂದು ಹುಳು ಅದೇ ಆಟ ಆಡಿತು. ಅಂತೂ 2003-04ರಲ್ಲಿ 'ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ' ಎಂದು ಯಾರಾದರೂ ಹೇಳಿದರೆ 'ವೈರಸ್' ಎನ್ನುವುದು ಸಹಜವಾಗಿತ್ತು. ವ್ಯತ್ಯಾಸವೆಂದರೆ, ಹುಳು ಒಂದು ನಿಮಿಷ ಮುಂಚೆ ಹೇಳಿ ಕೊಲ್ಲುತ್ತಿತ್ತು. ನಾನು ಹೇಳಹೊರಟಿರುವ ಕಾಯಿಲೆ ಹೇಳಿ ಬರುವಂಥದ್ದಲ್ಲ.

ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಸುತ್ತ ಸಾಲಾಗಿ ನಿಂತ ಚಿಕ್ಕ ಸಿಲಿಂಡರುಗಳನ್ನು ನೋಡಿರುತ್ತೀರಿ, ಕಿರುಬೆರಳಿನ ಅರ್ಧದಷ್ಟು ಎತ್ತರದ ಅಲ್ಯೂಮಿನಿಯಂ ಡಬ್ಬಿಗಳು. ಅವು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. ಒಳಗೆ ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ಒಂದು ದ್ರವದಲ್ಲಿ ನೆನೆಸಿದ ಕಾಗದ, ಎಲ್ಲವನ್ನೂ ಚಾಪೆಯಂತೆ ಸುತ್ತಿ ತುರುಕಿರುತ್ತಾರೆ. ಒಂದು ಹಾಳೆಯ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ. ಇವುಗಳ ಕೆಲಸವನ್ನು ಓವರ್‌ಹೆಡ್ ಟ್ಯಾಂಕಿಗೆ ಹೋಲಿಸಬಹುದು. ನೀರು ಬಿಟ್ಟು ಬಿಟ್ಟು ಬಂದರೂ ನಲ್ಲಿಯಲ್ಲಿ ಧಾರೆ ಒಂದೇ ಸಮನಾಗಿ ಬೀಳುವಂತೆ ನೋಡಿಕೊಳ್ಳುವುದು.

ಈ ಟ್ಯಾಂಕಿನ ಮಹತ್ವ ಬೆಳೆದದ್ದು ಪ್ರೊಸೆಸರುಗಳ ಹಸಿವು ಬೆಳೆದಂತೆ. 1989ರ 486 ಪ್ರೊಸೆಸರ್ 5 ವೋಲ್ಟಿನಲ್ಲಿ ಎಳೆಯುತ್ತಿದ್ದುದು ಒಂದು ಆಂಪಿಯರ್‌ನ ಆಸುಪಾಸು. 2004ರ ಪೆಂಟಿಯಂ 4 ಮಾದರಿಗಳಲ್ಲಿ ಕೆಲವು 100 ವಾಟ್ ದಾಟಿದ್ದವು, ಅದೂ 1.4 ವೋಲ್ಟಿನ ಸುತ್ತಮುತ್ತ. ಭಾಗಿಸಿ ನೋಡಿ, 70 ಆಂಪಿಯರ್ ಮೀರುತ್ತದೆ. ಬಚ್ಚಲಮನೆಯ 2 ಕಿಲೋವಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್. ಅಲ್ಲಿ ವೋಲ್ಟೇಜು 230 ಇರುವುದರಿಂದ ಒಟ್ಟು ಶಕ್ತಿ ಹೆಚ್ಚು, ನಿಜ. ಆದರೆ ಕಾಳಿನಷ್ಟು ಸಣ್ಣ ಜಾಗಕ್ಕೆ ಅಷ್ಟು ಆಂಪಿಯರ್ ನುಗ್ಗಿಸುವುದು, ಸೆಕೆಂಡಿನ ಲಕ್ಷದ ಒಂದಂಶದಲ್ಲಿ ಹೆಚ್ಚಿಸಿ ತಗ್ಗಿಸುವುದು ಬೇರೆಯದೇ ಕಷ್ಟ. ಕೆಪಾಸಿಟರ್ ಒಣಗಿ ಸೊರಗಿದ್ದರೆ, ಪ್ರೊಸೆಸರ್ ಹಠಾತ್ತನೆ ದುಡಿಯಲು ತೊಡಗಿದ ಕ್ಷಣ ವೋಲ್ಟೇಜು ಕುಸಿಯುತ್ತದೆ, ಒಂದು ಸೊನ್ನೆ ಒಂದಾಗಿ ಓದಿಸಿಕೊಳ್ಳುತ್ತದೆ, ಯಂತ್ರ ದಾರಿ ತಪ್ಪುತ್ತದೆ. ಗೇಮ್ ಆಡುವಾಗ, ಸಿನಿಮಾ ನೋಡುವಾಗ ಮಾತ್ರ ಸಾಯುತ್ತಿದ್ದುದು ಇದಕ್ಕೇ. ನೋಟ್‌ಪ್ಯಾಡ್ ತೆರೆದು ಕೂತರೆ ದಿನವಿಡೀ ಸುಮ್ಮನಿರುತ್ತಿತ್ತು, ಅಂಗಡಿಯವನ ಮುಂದೆ ಸೌಮ್ಯವಾಗಿ ವರ್ತಿಸುತ್ತಿತ್ತು.

1990ರ ದಶಕದಲ್ಲಿ ಜಪಾನಿನ ತಯಾರಕರು ಈ ಕೆಪಾಸಿಟರ್‌ಗಳ ದ್ರವದಲ್ಲಿ ನೀರಿನ ಪಾಲನ್ನು ಹೆಚ್ಚಿಸಿದರು. ನೀರಿದ್ದಷ್ಟೂ ಒಳಗಿನ ತಡೆ ಕಡಿಮೆ, ಬೆಲೆಯೂ ಕಡಿಮೆ. ಆದರೆ ನೀರಿಗೂ ಅಲ್ಯೂಮಿನಿಯಮ್ಮಿಗೂ ಆಗಿಬರುವುದಿಲ್ಲ. ಪೊರೆ ಸ್ವಲ್ಪ ಹರಿದರೂ ನೀರು ಲೋಹವನ್ನು ತಿಂದು ಹೈಡ್ರೋಜನ್ ಅನಿಲ ಹುಟ್ಟಿಸುತ್ತದೆ. ಅದನ್ನು ತಡೆಯಲು ದ್ರವಕ್ಕೆ ಕೆಲವು ಸೇರಿಕೆಗಳನ್ನು ಬೆರೆಸಬೇಕು. ಗುಟ್ಟೆಲ್ಲ ಆ ಸೇರಿಕೆಗಳಲ್ಲಿತ್ತು. 1999ರಿಂದ ಮುಂದಿನ ಕೆಲವು ವರ್ಷಗಳಲ್ಲಿ ತಯಾರಾದ, ಹೆಚ್ಚಿನಂಶ ತೈವಾನಿನ ಅಗ್ಗದ ಕೆಪಾಸಿಟರ್‌ಗಳಲ್ಲಿ ಆ ಗುಟ್ಟು ಕೈಕೊಟ್ಟಿತು. ಡಬ್ಬಿಯ ನೆತ್ತಿಯ ಮೇಲೆ ಕೂಡುಗುರುತಿನಂತೆ ಕೊರೆದ ಗೆರೆ ಇರುತ್ತದೆ. ಅನಿಲ ಹೆಚ್ಚಾದರೆ ಡಬ್ಬಿ ಸಿಡಿಯದೆ ಅಲ್ಲೇ ಬಿರಿಯಲಿ ಎಂದು. ಚಪ್ಪಟೆಯಾಗಿರಬೇಕಾದ ಆ ನೆತ್ತಿ ಉಬ್ಬಿದ ಪೂರಿಯಂತಾಗುತ್ತಿತ್ತು, ಬಿರಿದು ಕಂದು ಬಣ್ಣದ ರಸ ಒಸರುತ್ತಿತ್ತು. ಇಂಗ್ಲಿಷ್ ಜಗತ್ತು ಇದನ್ನು ಕೆಪಾಸಿಟರ್ ಪ್ಲೇಗ್ ಎಂದು ಕರೆಯಿತು.

ಇದಕ್ಕೊಂದು ಪತ್ತೇದಾರಿ ಕಥೆಯೂ ಅಂಟಿಕೊಂಡಿದೆ. 2002-03ರಲ್ಲಿ ಉದ್ಯಮದ ಪತ್ರಿಕೆಗಳು, ಆಮೇಲೆ ಐಇಇಇ ಸ್ಪೆಕ್ಟ್ರಮ್, ಇದನ್ನು ವರದಿ ಮಾಡಿದವು. ಜಪಾನಿನ ರೂಬಿಕಾನ್ ಕಂಪನಿಯ ವಿಜ್ಞಾನಿಯೊಬ್ಬ ಚೀನಾದ ಕಂಪನಿಗೆ ಹೋಗಿ ಅಲ್ಲಿ ಅದೇ ಬಗೆಯ ದ್ರವ ತಯಾರಿಸಿದ. ಅವನ ಕೈಕೆಳಗಿನವರು ಆ ಸೂತ್ರ ಕದ್ದು ತೈವಾನಿಗೆ ಒಯ್ದರು. ಕದ್ದ ಚೀಟಿಯಲ್ಲಿ ಮುಖ್ಯ ಸೇರಿಕೆಗಳ ಹೆಸರೇ ಇರಲಿಲ್ಲ. ಅಜ್ಜಿಯ ಸಾರಿನಪುಡಿಯ ಚೀಟಿ ಕದ್ದ ಸೊಸೆಗೆ ಇಂಗು ಬರೆಯದೆ ಬಿಟ್ಟಿದ್ದರೆಂದು ಗೊತ್ತಾದಂತೆ. ಕೇಳಲು ಸೊಗಸಾದ ಕಥೆ, ಅದಕ್ಕೇ ಇವತ್ತಿಗೂ ಎಲ್ಲರೂ ಇದನ್ನೇ ಹೇಳುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಯಾವ ನ್ಯಾಯಾಲಯದಲ್ಲೂ ಇದು ಸಾಬೀತಾದದ್ದಿಲ್ಲ. ಕೆಟ್ಟ ಡಬ್ಬಿಗಳ ಮೇಲೆ ಒಬ್ಬನದಲ್ಲ, ಹಲವು ತಯಾರಕರ ಹೆಸರಿದ್ದವು. ಅದಕ್ಕಿಂತ ಮುಖ್ಯವಾಗಿ, ಈ ಪ್ಲೇಗಿನ ಅತಿ ದೊಡ್ಡ ಪ್ರಕರಣದಲ್ಲಿ ಸಿಕ್ಕಿಬಿದ್ದ ಡಬ್ಬಿಗಳು ಕದ್ದವಲ್ಲ, ತೈವಾನಿನವೂ ಅಲ್ಲ, ಹೆಸರಾಂತ ಜಪಾನೀ ಕಂಪನಿ ನಿಚಿಕಾನ್‌ನವು.

ಆ ಪ್ರಕರಣ ಡೆಲ್ ಕಂಪನಿಯದು. ಆಗ ಜಗತ್ತಿನಲ್ಲೇ ಅತಿ ಹೆಚ್ಚು ಪಿಸಿ ಮಾರುತ್ತಿದ್ದ ಡೆಲ್, ಕಚೇರಿಗಳಿಗೂ ವಿಶ್ವವಿದ್ಯಾಲಯಗಳಿಗೂ ಆಪ್ಟಿಪ್ಲೆಕ್ಸ್ ಎಂಬ ಡೆಸ್ಕ್‌ಟಾಪ್ ಸರಣಿಯನ್ನು ಸಾವಿರಗಟ್ಟಲೆ ಕಳಿಸುತ್ತಿತ್ತು. 2005ರ ಕೊನೆಯಲ್ಲಿ, ಜಿಎಕ್ಸ್270 ಮುಂತಾದ ಮಾದರಿಗಳ ದುರಸ್ತಿಗೆಂದು ಸುಮಾರು 30 ಕೋಟಿ ಡಾಲರನ್ನು ಲೆಕ್ಕದಲ್ಲಿ ಬದಿಗಿಟ್ಟಿರುವುದಾಗಿ ಕಂಪನಿ ಪ್ರಕಟಿಸಿತು. ಹೆಚ್ಚಿನ ಮಾತು ಇರಲಿಲ್ಲ. 2007ರಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಯಂತ್ರ ಕೊಂಡಿದ್ದ ಅಮೆರಿಕದ ಉತ್ತರ ಕೆರೊಲಿನಾದ ಒಂದು ಇಂಟರ್‌ನೆಟ್ ಕಂಪನಿ ಮೊಕದ್ದಮೆ ಹೂಡಿತು. ಅದರ ಕಡತಗಳು 2010ರಲ್ಲಿ ಬಹಿರಂಗವಾದಾಗ ನ್ಯೂಯಾರ್ಕ್ ಟೈಮ್ಸ್ ಅವುಗಳ ಆಧಾರದ ಮೇಲೆ ದೀರ್ಘ ವರದಿ ಬರೆಯಿತು. 2003ರ ಮೇಯಿಂದ 2005ರ ಜುಲೈವರೆಗೆ ಡೆಲ್ ಕಳಿಸಿದ ಕನಿಷ್ಠ 1 ಕೋಟಿ 18 ಲಕ್ಷ ಕಂಪ್ಯೂಟರುಗಳಿಗೆ ಈ ಡಬ್ಬಿಗಳ ಅಪಾಯವಿತ್ತು. ಆ ಆಪ್ಟಿಪ್ಲೆಕ್ಸ್‌ಗಳು ಮೂರು ವರ್ಷಗಳಲ್ಲಿ ತೊಂದರೆ ಕೊಡುವ ಸಂಭವ ಶೇಕಡಾ 97ರವರೆಗೂ ಇದೆಯೆಂದು ಕಂಪನಿಯದೇ ಒಂದು ಅಧ್ಯಯನ ಅಂದಾಜಿಸಿತ್ತೆಂದು ಮೊಕದ್ದಮೆಯಲ್ಲಿ ಹೇಳಲಾಗಿತ್ತು. ಗ್ರಾಹಕರ ಜತೆ ಮಾತಾಡುವಾಗ ಬೋರ್ಡಿನಲ್ಲಿ ದೋಷವಿದೆ ಎಂಬರ್ಥದ ಮಾತು ಬರದಂತೆ ಎಚ್ಚರ ವಹಿಸಬೇಕೆಂದು ನೌಕರರ ನಡುವೆ ಇಮೇಲ್‌ಗಳು ಓಡಾಡಿದ್ದವು.

ಅದೇ ವರದಿಯಲ್ಲಿರುವ ಒಂದು ವಿವರ ಮರೆಯುವಂಥದ್ದಲ್ಲ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗ ತನ್ನ ಯಂತ್ರಗಳು ಸಾಯುತ್ತಿವೆ ಎಂದು ದೂರಿದಾಗ ಸಿಕ್ಕ ಉತ್ತರ: ನೀವು ಅವುಗಳಿಂದ ಕಷ್ಟದ ಲೆಕ್ಕಗಳನ್ನು ಮಾಡಿಸಿ ದಣಿಸಿದ್ದೀರಿ. ಗಣಿತ ವಿಭಾಗಕ್ಕೆ! ಇನ್ನೂ ಒಂದಿದೆ. ಈ ಮೊಕದ್ದಮೆಯಲ್ಲಿ ಡೆಲ್ ಪರವಾಗಿ ನಿಂತ ವಕೀಲರ ಸಂಸ್ಥೆಯಲ್ಲೇ ಇಂಥ ಸಾವಿರ ಯಂತ್ರಗಳಿದ್ದವು, ಅವನ್ನು ಸರಿಪಡಿಸಿಕೊಡಲು ಸಹ ಕಂಪನಿ ಹಿಂದೆಮುಂದೆ ನೋಡಿತ್ತು. ಮೊಕದ್ದಮೆ 2010ರಲ್ಲೇ ರಾಜಿಯಾಯಿತು.

ಡೆಲ್ ಒಂದನ್ನೇ ಬೈದು ಸುಮ್ಮನಾಗುವುದು ನ್ಯಾಯವಲ್ಲ. ಆಪಲ್‌ನ ಐಮ್ಯಾಕ್ ಜಿ5 ಸಹ ಇದೇ ಕಾಯಿಲೆಗೆ ವಿಶೇಷ ದುರಸ್ತಿ ಯೋಜನೆ ಕಂಡಿತು, ಐಬಿಎಂ ಯಂತ್ರಗಳೂ ಕೆಟ್ಟವು. ಮದರ್‌ಬೋರ್ಡ್ ತಯಾರಕರಲ್ಲಿ ಬಾಯಿಬಿಟ್ಟು ಒಪ್ಪಿಕೊಂಡ ಅಪರೂಪದ ಕಂಪನಿ ತೈವಾನಿನ ಅಬಿಟ್. ಆದರೆ ಗಮನಿಸಿ, ಇವೆಲ್ಲ ಬಿಲ್ಲು, ವಾರಂಟಿ, ವಕೀಲರು ಇರುವ ಲೋಕದ ಮಾತು. ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ನಮ್ಮ ಬೆಂಗಳೂರಿನ ಎಸ್‌ಪಿ ರೋಡು, ಇಲ್ಲಿಂದ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ ಯಂತ್ರಗಳಿಗೆ ಯಾರೂ 30 ಕೋಟಿ ಡಾಲರ್ ಎತ್ತಿಡಲಿಲ್ಲ. ವರ್ಷದ ವಾರಂಟಿ ಮುಗಿಯುತ್ತಿತ್ತು, ಡಬ್ಬಿಗಳು ಎರಡನೆಯ ಬೇಸಿಗೆಗೆ ಉಬ್ಬುತ್ತಿದ್ದವು. ಬೋರ್ಡು ಬದಲಿಸಿದರೆ ಹಳೆಯ ಪ್ರೊಸೆಸರ್ ಕೂರುವುದಿಲ್ಲ, ಪ್ರೊಸೆಸರ್ ಬದಲಿಸಿದರೆ ಹಳೆಯ ರ‍್ಯಾಮ್ ಕೂರುವುದಿಲ್ಲ. ಕಂತಿನಲ್ಲಿ ಕೊಂಡ ಯಂತ್ರದ ಕಂತು ಮುಗಿಯುವ ಮೊದಲೇ ಇನ್ನೊಂದು ಯಂತ್ರದ ಬೆಲೆ. ಈ ನಷ್ಟ ಯಾವ ಕಂಪನಿಯ ಲೆಕ್ಕಪತ್ರದಲ್ಲೂ ಇಲ್ಲ.

ನಮ್ಮವರನ್ನು ಕಾಪಾಡಿದ್ದು ಅದೇ ಬೀದಿಗಳ ಮಹಡಿಯ ಮೇಲಿನ ಕಿರುಕೋಣೆಗಳು. ಸೋಲ್ಡರಿಂಗ್ ಐರನ್ ಹಿಡಿದು ಕೂತ ಹುಡುಗರು ನೆತ್ತಿ ಉಬ್ಬಿದ ಡಬ್ಬಿಗಳನ್ನು ಕಿತ್ತು, ಅದೇ ಮೈಕ್ರೋಫ್ಯಾರಡ್‌ನ, ಸ್ವಲ್ಪ ಹೆಚ್ಚು ವೋಲ್ಟೇಜಿನ ಹೊಸವನ್ನು ಕೂರಿಸುತ್ತಿದ್ದರು. ಟಿವಿ, ರೇಡಿಯೊ ರಿಪೇರಿಯಿಂದ ಬಂದ ವಿದ್ಯೆ ಅದು. ಡಬ್ಬಿಯ ಬೆಲೆ ಕೆಲವೇ ರೂಪಾಯಿ. ರೋಗ ಪತ್ತೆ ಮಾಡಲು ಅವರಿಗೆ ಕಣ್ಣು ಸಾಕಾಗಿತ್ತು, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆರೆಯಬೇಕು ಅಷ್ಟೆ. ಫಾರ್ಮ್ಯಾಟ್ ಹೊಡೆಯುವವರು ಅದನ್ನೇ ತೆರೆಯುತ್ತಿರಲಿಲ್ಲ.

ಯಂತ್ರ ಇದ್ದಕ್ಕಿದ್ದಂತೆ ನಿಲ್ಲುವುದು ಕಂಪ್ಯೂಟರಿನಷ್ಟೇ ಹಳೆಯದು. ಸುಮಾರು 18,000 ವ್ಯಾಕ್ಯೂಮ್ ಟ್ಯೂಬುಗಳಿದ್ದ ಅಮೆರಿಕದ ಎನಿಯಾಕ್‌ನಲ್ಲಿ ಎರಡು ದಿನಕ್ಕೊಂದು ಟ್ಯೂಬು ಹೋಗುತ್ತಿತ್ತು. ಕಾಯುವಾಗ, ಆರುವಾಗಲೇ ಹೆಚ್ಚು ಸಾಯುತ್ತವೆಂದು ಅದನ್ನು ಆರಿಸುತ್ತಲೇ ಇರಲಿಲ್ಲ. ಅದು ಕೆಡದೆ ಓಡಿದ ಅತಿ ದೀರ್ಘ ಅವಧಿ 116 ಗಂಟೆ, 1954ರಲ್ಲಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸಕ್ಕೆ ನಿಂತ ಟಿಫ್ರಾಕ್‌ನಲ್ಲಿ 2,700 ಟ್ಯೂಬುಗಳಿದ್ದವು. ಆಗ ನಿಲ್ಲುವುದನ್ನು ಯಾರೂ ಬಚ್ಚಿಡುತ್ತಿರಲಿಲ್ಲ. 1981ರ ಮೊದಲ ಐಬಿಎಂ ಪಿಸಿಯಲ್ಲೂ ಪ್ರತಿ ಎಂಟು ಬಿಟ್ಟಿಗೆ ಒಂಬತ್ತನೆಯದೊಂದು ಕಾವಲು ಬಿಟ್ಟು ಇತ್ತು. ಲೆಕ್ಕ ತಾಳೆಯಾಗದಿದ್ದರೆ ಯಂತ್ರ ಆ ಮಾತನ್ನೇ ಪರದೆಯ ಮೇಲೆ ಬರೆದು ನಿಂತುಬಿಡುತ್ತಿತ್ತು. 90ರ ದಶಕದಲ್ಲಿ ಬೆಲೆ ಇಳಿಸುವ ಪೈಪೋಟಿಯಲ್ಲಿ ಮನೆಬಳಕೆಯ ಯಂತ್ರಗಳಿಂದ ಆ ಕಾವಲುಗಾರನನ್ನು ತೆಗೆದುಹಾಕಿದರು.

ಕಾವಲು ಬೇಕೇ ಎಂದರೆ, ಬೇಕು. 1978ರಲ್ಲಿ ಇಂಟೆಲ್‌ನ ತಿಮೊಥಿ ಮೇ ಮತ್ತು ಮರ‍್ರೆ ವುಡ್ಸ್, ಮೆಮೊರಿ ಚಿಪ್ಪುಗಳಲ್ಲಿ ಬಿಟ್ಟುಗಳು ತಾವಾಗಿ ಮಗುಚಿಕೊಳ್ಳಲು ಚಿಪ್ಪಿನ ಪಿಂಗಾಣಿ ಹೊದಿಕೆಯಲ್ಲಿದ್ದ ವಿಕಿರಣಶೀಲ ಅಂಶ ಕಾರಣವೆಂದು ತೋರಿಸಿದರು. ಮರುವರ್ಷ ಐಬಿಎಂನ ಜೇಮ್ಸ್ ಝೀಗ್ಲರ್ ಮತ್ತು ಯೇಲ್‌ನ ವಿಲಿಯಂ ಲ್ಯಾನ್‌ಫರ್ಡ್, ಆಕಾಶದಿಂದ ಬೀಳುವ ವಿಶ್ವಕಿರಣಗಳೂ ಇದನ್ನು ಮಾಡಬಲ್ಲವು ಎಂದರು. 2003ರ ಮೇ 18ರ ಬೆಲ್ಜಿಯಂ ಚುನಾವಣೆಯಲ್ಲಿ, ಬ್ರಸೆಲ್ಸ್‌ನ ಸ್ಕಾರ್‌ಬೀಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚಾಗಿ ಬಂದವು. ಎರಡರ ಹನ್ನೆರಡನೆಯ ಘಾತ, ಒಂದು ಬಿಟ್ಟು ಮಗುಚಿದಷ್ಟು. ಬೇರೆ ಕಾರಣ ಸಿಗದೆ ವಿಶ್ವಕಿರಣದ ಮೇಲೆ ಹಾಕಿದರು.

ಈ ವಿಶ್ವಕಿರಣಗಳ ಬೆನ್ನು ಹತ್ತಿದವರಲ್ಲಿ ನಮ್ಮವರೂ ಇದ್ದಾರೆಂಬುದು ಮುಂಬೈ ಕನ್ನಡಿಗರಾದರೂ ನೆನೆಯಬೇಕಾದ ಸಂಗತಿ. ನಂಜನಗೂಡಿನಲ್ಲಿ ಹುಟ್ಟಿ 1948ರಲ್ಲಿ ಟಾಟಾ ಸಂಸ್ಥೆ ಸೇರಿದ ಬಿ.ವಿ. ಶ್ರೀಕಂಠನ್, 50ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಳಿಗಿಳಿದು ಯಾವ ಆಳದಲ್ಲಿ ಎಷ್ಟು ಕಣಗಳು ತಲುಪುತ್ತವೆಂದು ಅಳೆದರು. 1965ರಲ್ಲಿ ಅದೇ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳು ಪತ್ತೆಯಾದವು. ಅಷ್ಟು ಬಂಡೆಯ ಕೆಳಗೆ ಪಿಸಿ ಇಟ್ಟರೆ ಆಕಾಶದ ಭಯವಿಲ್ಲ. ಡಬ್ಬಿಗಳು ಮಾತ್ರ ಆ ಗಣಿಯ ಬಿಸಿಗೆ ಬೇಗ ಉಬ್ಬಿಯಾವು.

2007ರ ಹೊತ್ತಿಗೆ ಪ್ಲೇಗು ಇಳಿಯಿತು. ಮದರ್‌ಬೋರ್ಡ್ ಕಂಪನಿಗಳು ದ್ರವವಿಲ್ಲದ ಪಾಲಿಮರ್ ಕೆಪಾಸಿಟರ್‌ಗಳಿಗೆ ತಿರುಗಿ, 'ಸಾಲಿಡ್ ಕೆಪಾಸಿಟರ್' ಎಂದು ಡಬ್ಬದ ಮೇಲೆ ದೊಡ್ಡದಾಗಿ ಅಚ್ಚುಹಾಕಿದವು. ಹಿಂದೆ ಯಾರೂ ಬಾಯಿಬಿಡದಿದ್ದ ವಸ್ತು ಜಾಹೀರಾತಾಯಿತು. ಆದರೆ ನಮ್ಮ ಅಂಗಡಿಯವರು ಎಸ್‌ಎಂಪಿಎಸ್ ಎನ್ನುವ ಪವರ್ ಸಪ್ಲೈ ಡಬ್ಬದೊಳಗೆ ಹಳೆಯ ಜಾತಿಯ ಡಬ್ಬಿಗಳು ಇವತ್ತಿಗೂ ಇವೆ. ಅದು ಮದರ್‌ಬೋರ್ಡಿಗೆ 'ವಿದ್ಯುತ್ತು ಸರಿಯಿದೆ' ಎಂಬ 5 ವೋಲ್ಟಿನ ಒಂದು ಸಂಕೇತ ಕಳಿಸುತ್ತಿರುತ್ತದೆ. ಆ ಸಂಕೇತ ಕ್ಷಣಮಾತ್ರ ತಪ್ಪಿದರೂ ಬೋರ್ಡು ಯಾರನ್ನೂ ಕೇಳದೆ ರೀಸ್ಟಾರ್ಟ್ ಆಗುತ್ತದೆ, ವಿಂಡೋಸ್‌ಗೆ ಗೊತ್ತೇ ಆಗುವುದಿಲ್ಲ. ಇಂದಿನ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಮಾತ್ರ ಇದ್ದು, ಅದರ ಜತೆ ದೋಷದ ಸಂಖ್ಯೆ ಸೊನ್ನೆಯಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಈ ಡಬ್ಬಿಗಳ ಮೈಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಸಾಮಾನ್ಯ ದರ್ಜೆಯದಕ್ಕೆ ಆ ಶಾಖದಲ್ಲಿ ತಯಾರಕರು ಕೊಡುವ ಭರವಸೆ 2,000 ಗಂಟೆ. ಶಾಖ 10 ಡಿಗ್ರಿ ಇಳಿದಂತೆಲ್ಲ ಆಯುಸ್ಸು ಇಮ್ಮಡಿ ಎಂಬುದು ಎಂಜಿನಿಯರುಗಳ ಕೈಲೆಕ್ಕ. 65 ಡಿಗ್ರಿಯಲ್ಲಿ 32,000 ಗಂಟೆ, ದಿನಕ್ಕೆ 8 ಗಂಟೆಯಂತೆ ಹನ್ನೊಂದು ವರ್ಷ. ಫ್ಯಾನಿನ ರೆಕ್ಕೆಗೆ ಧೂಳು ಮೆತ್ತಿ, ಗೋಡೆಗೆ ಒತ್ತಿಟ್ಟು, ಹೈದರಾಬಾದಿನ ಮೇ ತಿಂಗಳಲ್ಲಿ ಒಳಗೆ 85 ಡಿಗ್ರಿಯಾದರೆ 8,000 ಗಂಟೆ. ಅದೇ ಯಂತ್ರ, ಅದೇ 8 ಗಂಟೆ, ಮೂರು ವರ್ಷವೂ ತುಂಬುವುದಿಲ್ಲ.